ಎಡಗಿವಿಯ ಲೈನು

ದೋಷ ಗುಬ್ಬಿ ಲೈನಿನಲ್ಲಿದೆ ಎಂದು ಮೊದಲು ಹೇಳಿದವಳು ಸರಸ್ವತಮ್ಮನೇ. ತುಮಕೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಬೋರ್ಡಿನ ಮುಂದೆ ಕೂತು ಒಂದೂರಿನ ಮಾತನ್ನು ಇನ್ನೊಂದೂರಿಗೆ ಜೋಡಿಸುವುದು ಅವಳ ಕೆಲಸ. ಮದುವೆಗೆ ಮುಂಚಿನಿಂದಲೂ ಅದೇ ಕುರ್ಚಿ. ಎಂಬತ್ತನಾಲ್ಕರ ಬೇಸಿಗೆಯಲ್ಲಿ ಗುಬ್ಬಿಯ ಆಪರೇಟರ್ ಹೊಂಬಾಳಮ್ಮನ ತೆಳುದನಿ ಅವಳಿಗೆ ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳತೊಡಗಿತು. ಕುಣಿಗಲ್ಲಿನ ಆಪರೇಟರನ ದಪ್ಪ ದನಿ ಸರಿಯಾಗಿಯೇ ಬರುತ್ತಿತ್ತು. ಗುಬ್ಬಿ ಮಾತ್ರ ಹೀಗೆ. ಅಂದಮೇಲೆ ತಪ್ಪು ಗುಬ್ಬಿ ಲೈನಿನದಲ್ಲದೆ ಇನ್ನಾರದು?

ಅವಳು ದೂರು ಬರೆಸಿದಳು. ಲೈನ್‌ಮನ್ ಅಂಜಿನಪ್ಪ ಸೈಕಲ್ಲು ತಳ್ಳಿಕೊಂಡು ಕಂಬದಿಂದ ಕಂಬಕ್ಕೆ ತಂತಿ ನೋಡುತ್ತ ಗುಬ್ಬಿಯವರೆಗೂ ಹೋದ. ತಂತಿಗೆ ತಾಗುತ್ತಿದ್ದ ಹುಣಸೆ ಕೊಂಬೆಗಳನ್ನು ಕಡಿಸಿದ, ಕಂಬಕ್ಕೆ ತಂತಿ ಕಟ್ಟುವ, ಬಿರುಕು ಬಿಟ್ಟಿದ್ದ ಒಂದು ಪಿಂಗಾಣಿ ಗುಂಡನ್ನು ಬದಲಾಯಿಸಿದ. ಹೊಲದ ಯಜಮಾನನೊಬ್ಬ ಮರ ಕಡಿದದ್ದಕ್ಕೆ ಜಗಳಕ್ಕೆ ಬಂದಾಗ, ಸರ್ಕಾರದ ಮಾತು ಈ ತಂತಿಯಲ್ಲಿ ಹೋಗುತ್ತದೆ ಎಂದು ಅವನನ್ನು ಹೆದರಿಸಿದನಂತೆ. ವಾಪಸು ಬಂದವನು ಬಾಗಿಲಲ್ಲೇ ನಿಂತು ಹೇಳಿದ: "ಲೈನು ಚಿನ್ನದಂಗೈತೆ ಕಣಕ್ಕ. ಇನ್ನೂ ಕೇಳಾಕಿಲ್ಲ ಅಂದ್ರೆ ಹೊಂಬಾಳಮ್ಮೋರ್ಗೇ ಟಾನಿಕ್ಕು ಕುಡಿಸ್ಬೇಕು."

ಸೂಪರ್‌ವೈಸರ್ ಕಮಲಾಕ್ಷಮ್ಮ ಒಂದು ದಿನ ಸರಸ್ವತಮ್ಮನ ಹೆಡ್‌ಸೆಟ್ಟನ್ನೇ ತೆಗೆದು ತಾನು ಹಾಕಿಕೊಂಡು, ಹೊಂಬಾಳಮ್ಮನ ಜೊತೆ ಉಪ್ಪಿನಕಾಯಿಯ ವಿಷಯ ಮಾತಾಡಿ, ಪಕ್ಕದಲ್ಲಿ ಕೂತು ಹೇಳಿದಷ್ಟು ಚೆನ್ನಾಗಿ ಕೇಳುತ್ತದಲ್ಲ ಎಂದಳು. ಆದರೂ ಹೆಡ್‌ಸೆಟ್ಟು ಬದಲಾಯಿತು. ಬೋರ್ಡಿನಲ್ಲಿ ಲೈನು ಜೋಡಿಸುವ ವೈರು ಬದಲಾಯಿತು. ಕೊನೆಗೆ ಕುರ್ಚಿಯೂ ಬದಲಾಯಿತು. ಹೊಂಬಾಳಮ್ಮ ಕಂಬಳಿಯೊಳಗೇ ಉಳಿದಳು.

ಅಲ್ಲಿ ಎಲ್ಲರೂ ಹೆಡ್‌ಸೆಟ್ಟಿನ ಬಿಲ್ಲೆಯನ್ನು ಎಡಗಿವಿಗೇ ಹಾಕುತ್ತಿದ್ದರು. ಬಲಗೈಯಲ್ಲಿ ಕರೆಯ ವಿವರದ ಕಾಲ್ ಟಿಕೇಟು ಬರೆಯಬೇಕು; ವೈರು ಆ ಕಡೆ ಇಳಿಬಿದ್ದರೆ ಪೆನ್ಸಿಲ್ಲಿಗೆ ಅಡ್ಡ. ಯಾರೂ ಇದನ್ನು ನಿಯಮ ಮಾಡಿರಲಿಲ್ಲ, ಮೀರಿಯೂ ಇರಲಿಲ್ಲ. ಆಷಾಢದ ಒಂದು ಮಧ್ಯಾಹ್ನ ಸರಸ್ವತಮ್ಮನ ಎಡಗಿವಿಯ ಓಲೆಯ ತೂತು ಕೀವು ಕಟ್ಟಿ ನೋಯುತ್ತಿದ್ದುದರಿಂದ ಬಿಲ್ಲೆಯನ್ನು ಬಲಕ್ಕೆ ತಿರುಗಿಸಿಕೊಂಡಳು. ಹೊಂಬಾಳಮ್ಮ ಕಂಬಳಿ ಕೊಡವಿ ಎದ್ದು ನಿಂತಂತೆ ಕೇಳಿಸಿದಳು. ಅವಳ ಹಿಂದೆ ಗುಬ್ಬಿಯ ರಸ್ತೆಯಲ್ಲಿ ಯಾವುದೋ ಗಾಡಿಯ ಎತ್ತಿನ ಗೆಜ್ಜೆ ಕೂಡ.

ಸರಸ್ವತಮ್ಮ ಬಿಲ್ಲೆಯನ್ನು ಎಡಕ್ಕೆ ಹಾಕಿದಳು. ಕಂಬಳಿ. ಬಲಕ್ಕೆ. ಗೆಜ್ಜೆ. ಮತ್ತೆ ಎಡಕ್ಕೆ. ಹೊಂಬಾಳಮ್ಮ ಆ ಕಡೆಯಿಂದ ಹಲೋ ಹಲೋ ಎನ್ನುತ್ತಲೇ ಇದ್ದಳು. ಆ ಕ್ಷಣ ಸರಸ್ವತಮ್ಮನಿಗೆ ಭಯವಾಗಲಿಲ್ಲ ಎಂಬುದನ್ನು ಹೇಳಲೇಬೇಕು. ತಿಂಗಳುಗಟ್ಟಲೆ ಹುಡುಕಿದ ದೋಷ ಸಿಕ್ಕಿತು ಎಂಬ ಸಂತೋಷವೇ ಮೊದಲು ಬಂದದ್ದು. ಅದು ಸಿಕ್ಕಿರುವುದು ಎಲ್ಲಿ ಎಂಬುದು ಆಮೇಲೆ ಹೊಳೆಯಿತು.

ತುಮಕೂರಿನ ಕಿವಿ ಡಾಕ್ಟರು ಕವಲುಕಡ್ಡಿಯಂಥ ಉಕ್ಕಿನ ಸಲಾಕೆಯನ್ನು ಮೊಣಕೈಗೆ ಬಡಿದು ಅವಳ ನೆತ್ತಿಯ ಮೇಲಿಟ್ಟು, ಶಬ್ದ ಯಾವ ಕಡೆ ಎಂದು ಕೇಳಿದರು. ಅದೆಲ್ಲ ಬಲಗಡೆಗೇ ಹೋಯಿತು. ಅವರು ಬೆಂಗಳೂರಿಗೆ ಬರೆದುಕೊಟ್ಟರು. ಅಲ್ಲಿ ಗಾಜಿನ ಕೋಣೆಯಲ್ಲಿ ಕೂರಿಸಿ ಕಿವಿ ಅಳೆದರು, ಆಮೇಲೆ ದೊಡ್ಡ ಉಂಗುರದಂಥ ಯಂತ್ರದೊಳಗೆ ತಲೆಯಿಟ್ಟು ಚಿತ್ರ ತೆಗೆದರು. ಗಂಡ ವೆಂಕಟೇಶಯ್ಯ, ಸಬ್‌ರಿಜಿಸ್ಟ್ರಾರ್ ಆಫೀಸಿನ ಗುಮಾಸ್ತ, ಮಡಿಲಲ್ಲಿ ಅವಳ ಓಲೆ, ಸರ, ಬಳೆಗಳನ್ನು ಕಟ್ಟಿದ ಕರ್ಚೀಫು ಇಟ್ಟುಕೊಂಡು ಹೊರಗೆ ಬೆಂಚಿನ ಮೇಲೆ ಕೂತಿದ್ದ. ಹೊರಗೆ ಬಂದವಳು ಅವನಿಗೆ ಹೇಳಿದ ಮೊದಲ ಮಾತು, ಆ ಯಂತ್ರ ಒಳಗಿನಿಂದ ಹಿಟ್ಟಿನ ಗಿರಣಿಯಂತೆ ಕೇಳುತ್ತದೆ, ಎಡಗಿವಿಗೆ ಮಾತ್ರ ಪಕ್ಕದ ಬೀದಿಯ ಗಿರಣಿ, ಎಂದು.

ಸರ್ಜನ್ನರು ಬಿಳಿಗೂದಲಿನ, ನಿಧಾನ ಮಾತಿನ ಮನುಷ್ಯ. ಕಿವಿಯ ಹಿಂದೆ ಮೂಳೆಯೊಳಗಿನ ಸಣ್ಣ ಕೊಳವೆಯಲ್ಲಿ ಒಂದು ಗಡ್ಡೆ ಬೆಳೆದಿದೆ, ಅಕೂಸ್ಟಿಕ್ ನ್ಯೂರೋಮಾ ಎನ್ನುತ್ತಾರೆ, ಕ್ಯಾನ್ಸರ್ ಅಲ್ಲ, ಹುಣಸೆ ಬೀಜಕ್ಕಿಂತ ಕೊಂಚ ದೊಡ್ಡದು ಎಂದರು. ಸರಸ್ವತಮ್ಮ ಕೇಳುವ ನರದ ಮೇಲೆಯೇ ಬೆಳೆದಿದೆಯೇ ಎಂದು ವಿಚಾರಿಸಿದಳು. ಅಲ್ಲವಂತೆ. ಅದು ಹುಟ್ಟಿದ್ದು ಪಕ್ಕದಲ್ಲಿರುವ, ನಾವು ನೆಟ್ಟಗೆ ನಿಲ್ಲುವುದಕ್ಕೆ ಬೇಕಾದ ನರದ ಮೇಲೆ. ಕೇಳುವ ನರ ಒತ್ತಿನಲ್ಲಿದ್ದ ತಪ್ಪಿಗೆ ನುಜ್ಜಾಗುತ್ತಿದೆ. ತೆಳುದನಿಗಳು ಮೊದಲು ಹೋಗುತ್ತವೆ, ದಪ್ಪದನಿಗಳು ಕೊನೆಗೆ. ಹೊಂಬಾಳಮ್ಮ ಮಾತ್ರ ಯಾಕೆ ಮಂಕಾದಳು ಎಂಬುದು ಸರಸ್ವತಮ್ಮನಿಗೆ ಆಗ ಅರ್ಥವಾಗಿ, ಖುಷಿಯಿಂದ ತಲೆಯಾಡಿಸಿದಳು. ಅವಳು ಖುಷಿಪಟ್ಟದ್ದು ನೋಡಿ ಗಂಡನಿಗೆ ಗಾಬರಿಯಾಯಿತು.

ಅದೇ ಕೊಳವೆಯಲ್ಲಿ ಮುಖ ಆಡಿಸುವ ನರವೂ ಹಾದುಹೋಗುತ್ತದೆ, ಅದಕ್ಕೆ ಪೆಟ್ಟಾದರೆ ಆ ಕಡೆಯ ಅರ್ಧ ಮುಖ ಇಳಿಬೀಳುತ್ತದೆ ಎಂದು ಡಾಕ್ಟರು ಮುಂದುವರಿಸಿದರು. ಈಗ ದಾರಿಗಳು ಮೂರು. ಸುಮ್ಮನೆ ಕಾಯುವುದು, ಆರು ತಿಂಗಳಿಗೊಮ್ಮೆ ಚಿತ್ರ ತೆಗೆಸುವುದು; ಕೆಲವು ಗಡ್ಡೆ ವರ್ಷಗಟ್ಟಲೆ ಅಷ್ಟೇ ಇರುತ್ತವೆ, ಕೆಲವು ಇರುವುದಿಲ್ಲ. ಇಲ್ಲವೆ ತಲೆಯ ಹಿಂಬದಿಯಿಂದ ಹೋಗಿ ತೆಗೆಯುವುದು. ಉಳಿದಿರುವ ಅರೆಕಿವುಡು ಕಿವಿಯನ್ನು ಉಳಿಸಲು ಪ್ರಯತ್ನ ಮಾಡಬಹುದು, ಆದರೆ ಮುಖದ ನರ ಗಡ್ಡೆಯ ಆಚೆ ಬದಿಗಿರುತ್ತದೆ, ಅದು ಕಣ್ಣಿಗೆ ಬೀಳುವುದು ತಡವಾಗಿ. ಮೂರನೆಯದು, ಕಿವಿಯ ಮೂಲಕವೇ ಮೂಳೆ ಕೊರೆದು ಹೋಗುವುದು. ಕಿವಿ ಪೂರ್ತಿ ಹೋಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಮುಖದ ನರ ಮೊದಲೇ ಕಾಣಿಸುತ್ತದೆ. ಅದನ್ನು ಕಾಪಾಡುವುದಕ್ಕೆ ಹೆಚ್ಚು ಅನುಕೂಲ. ಗ್ಯಾರಂಟಿ ಯಾವುದಕ್ಕೂ ಇಲ್ಲ. ಯೋಚನೆ ಮಾಡಿ ಬನ್ನಿ ಎಂದು ಕಳಿಸಿದರು.

ಯೋಚನೆಯನ್ನು ತುಮಕೂರಿನಲ್ಲಿ ಎಲ್ಲರೂ ಹಂಚಿಕೊಂಡರು. ಅತ್ತೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟರೆ ಗಡ್ಡೆ ಕರಗುತ್ತದೆ ಎಂದರು. ವೆಂಕಟೇಶಯ್ಯ ಕಾಯುವ ಪಕ್ಷ. ಅವನ ಆಫೀಸಿನಲ್ಲಿ ಕಾದರೆ ಸರಿಹೋಗದ ತಕರಾರುಗಳೇ ಇರಲಿಲ್ಲ; ಪಕ್ಷಗಾರರಲ್ಲಿ ಯಾರಾದರೊಬ್ಬರು ಬೇಸತ್ತು ಬಿಡುತ್ತಿದ್ದರು. ಕಮಲಾಕ್ಷಮ್ಮನದು ಕಿವಿ ಉಳಿಸುವ ಪಕ್ಷ. "ಕಿವಿ ಇಲ್ದಿರೋ ಆಪರೇಟರ್ ಅಂದ್ರೆ ಮೇಲಿನೋರು ಏನಂತಾರ್ರೀ? ತಗೊಂಡ್ಹೋಗಿ ಬಿಲ್ಲಿಂಗ್ ಸೆಕ್ಷನ್ನಿಗೆ ಹಾಕ್ತಾರೆ. ಅಲ್ಲಿ ಕೂತ್ಕೊಂಡು ಇಂಕು ಕುಡೀರಿ ಆಮೇಲೆ."

ಬಿಲ್ಲಿಂಗ್ ಸೆಕ್ಷನ್ನಿನ ಹೆಸರು ಕೇಳಿ ಸರಸ್ವತಮ್ಮನಿಗೆ ಗಡ್ಡೆಯ ಹೆಸರು ಕೇಳಿದಾಗ ಆಗದಿದ್ದ ತಳಮಳ ಆಯಿತು. ಬೋರ್ಡಿನ ಮುಂದೆ ಕೂತರೆ ಅವಳು ಊರುಗಳನ್ನು ಅವುಗಳ ಗೊರಗೊರದಿಂದಲೇ ಗುರುತಿಸಬಲ್ಲಳು. ಕಡಬದಿಂದ ಬರುವ ಕರೆಗೆ ಕೆರೆ ಏರಿಯ ಗಾಳಿ ಇರುತ್ತಿತ್ತು, ಅಥವಾ ಹಾಗೆಂದು ಅವಳು ನಂಬಿದ್ದಳು. ಅವಳು ಮುಖ ನೋಡಿರದ ಜನರೇ ಅವಳ ಬಳಗ. ಆ ಕುರ್ಚಿ ಬಿಟ್ಟು ಏಳುವುದನ್ನು ಅವಳು ಯೋಚಿಸಿಯೇ ಇರಲಿಲ್ಲ. ಹಾಗಾದರೆ ಯಾವ ದಾರಿ ಹಿಡಿದರೆ ಆ ಕುರ್ಚಿ ಉಳಿಯುತ್ತದೆ? ಮೂರು ದಾರಿಯ ಮುಂದೆ ಅವಳು ಇಟ್ಟುಕೊಂಡ ಪ್ರಶ್ನೆ ಅದೊಂದೇ.

ಕಿವಿ ಹೋದರೆ ಏನಾಗುತ್ತದೆಂದು ನೋಡುವುದು ಸುಲಭವಿತ್ತು. ಎಡಗಿವಿಗೆ ಹತ್ತಿ ತುರುಕಿ, ಮೇಲೆ ಮೇಣ ಮೆತ್ತಿ, ಮಂಡಿಪೇಟೆಗೆ ಹೋದಳು. ಆಟೋ ಹಾರ್ನುಗಳೆಲ್ಲ ಬಲಗಡೆಯಿಂದಲೇ ಬಂದವು. ತರಕಾರಿಯವಳು ಎಡಗಡೆಯಿಂದ ಕೂಗಿ ಕೂಗಿ ಸೆರಗು ಹಿಡಿದೆಳೆದಳು. ಬೋರ್ಡಿನಲ್ಲಿ ಬಿಲ್ಲೆಯನ್ನು ಬಲಕ್ಕೆ ಹಾಕಿಕೊಂಡು, ವೈರನ್ನು ಕತ್ತಿನ ಹಿಂದಿನಿಂದ ಸುತ್ತಿ ಸೀರೆಯ ಪಿನ್ನಿಗೆ ಸಿಕ್ಕಿಸಿ ಕೆಲಸ ಮಾಡಿದಳು. ಮೊದಲಿಗೆ ಬಲಗಿವಿ ದಡ್ಡ ಶಿಷ್ಯನಂತೆ ತಡವರಿಸಿತು. ಯಾರ ದನಿ ಎಂಬುದು ತಕ್ಷಣ ತಿಳಿಯುತ್ತಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ಅದೂ ಕಲಿಯಿತು.

ಆದರೆ ಮುಖ ಹೋದರೆ ಏನಾಗುತ್ತದೆ? ಅದಕ್ಕೆ ಹತ್ತಿ ಸಾಲದು. ಮುಖ ಹೋದವರನ್ನೇ ನೋಡಬೇಕು.

ಅವಳು ಹೊಂಬಾಳಮ್ಮನಿಗೆ ಹೇಳಿದಳು. ಕರೆಗಳಿಲ್ಲದ ಹೊತ್ತಿನಲ್ಲಿ ಆಪರೇಟರುಗಳು ತಮ್ಮತಮ್ಮಲ್ಲೇ ಮಾತಾಡುವುದು ಎಲ್ಲ ಊರಲ್ಲೂ ಇದ್ದದ್ದೇ, ಯಾರದೋ ಮಗಳಿಗೆ ಗಂಡು, ಎಲ್ಲಿಯದೋ ಸೀಮೆಎಣ್ಣೆ. ಹೊಂಬಾಳಮ್ಮ ಗುಬ್ಬಿಯಿಂದ ತಿಪಟೂರಿಗೆ, ಅಲ್ಲಿಂದ ತುರುವೇಕೆರೆಗೆ, ಅಲ್ಲಿಂದ ಕುಣಿಗಲ್ಲಿಗೆ ಕೇಳುತ್ತ ಹೋದಳು: ಕಿವಿಯ ಹಿಂದಿನ ಗಡ್ಡೆ ತೆಗೆಸಿಕೊಂಡವರು ನಿಮ್ಮ ಕಡೆ ಯಾರಾದರೂ ಇದ್ದಾರಾ? ಕುಣಿಗಲ್ಲಿನ ಆಪರೇಟರನಿಗೆ ಒಬ್ಬ ಗೊತ್ತಿದ್ದ. ಹುಲಿಯೂರುದುರ್ಗದ ಸೈಕಲ್ ಶಾಪಿನ ಕದರಯ್ಯ, ಮದರಾಸಿನಲ್ಲಿ ಆಪರೇಷನ್ ಆದವನು. ಫೋನಿಗೆ ಕರೆಸಲೇ ಎಂದರೆ ಕದರಯ್ಯ ಒಪ್ಪಲಿಲ್ಲವಂತೆ. ಫೋನಿನಲ್ಲಿ ತನ್ನ ಮಾತು ತಿಳಿಯುವುದಿಲ್ಲ, ಟ್ಯೂಬು ತರುವುದಕ್ಕೆ ಕುಣಿಗಲ್ಲಿಗೆ ಬಂದಾಗ ಬೇಕಾದರೆ ಬಂದು ನೋಡಿಕೊಂಡು ಹೋಗಲಿ ಎಂದನಂತೆ.

ಕುಣಿಗಲ್ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಅವನು ಮೂಲೆಯ ಮೇಜು ಹಿಡಿದು ಕೂತಿದ್ದ. ಐವತ್ತರ ಹತ್ತಿರದ ಗಟ್ಟಿ ಆಳು. ಮುಖದ ಬಲ ಅರ್ಧ ನಗುತ್ತಿತ್ತು. ಎಡ ಅರ್ಧ ಆ ನಗುವಿಗೂ ತನಗೂ ಸಂಬಂಧವಿಲ್ಲ ಎಂಬಂತೆ ಇಳಿಬಿದ್ದಿತ್ತು. ಆ ಕಡೆಯ ಕಣ್ಣು ರೆಪ್ಪೆ ಬಡಿಯದೆ ಅವಳನ್ನೇ ನೋಡುತ್ತಿತ್ತು. ವೆಂಕಟೇಶಯ್ಯ ಗೋಡೆಯ ಮೇಲಿನ ತಿಂಡಿಯ ಬೋರ್ಡು ಓದತೊಡಗಿದ. ಸರಸ್ವತಮ್ಮ ಎದುರಿಗೆ ಕೂತು ದಿಟ್ಟಿಸಿಯೇ ನೋಡಿದಳು. ಕದರಯ್ಯನಿಗೆ ಅದು ಇಷ್ಟವಾದ ಹಾಗಿತ್ತು. ಅಂಗಡಿಗೆ ಬಂದವರೆಲ್ಲ ಅವನ ಮುಖ ಬಿಟ್ಟು ಸೈಕಲ್ಲನ್ನೇ ನೋಡುತ್ತಿದ್ದರಂತೆ.

ಅವನು ಎಲ್ಲ ತೋರಿಸಿದ. ಕಿವಿಯ ಹಿಂದಿನ ಗಾಯದ ಗೆರೆ. ಮಲಗುವಾಗ ಕಣ್ಣಿಗೆ ಅಂಟಿಸುವ ಪಟ್ಟಿ. ಬಾಯಿ ಮುಕ್ಕಳಿಸಿದರೆ ನೀರು ಹೇಗೆ ಒಂದೇ ಕಡೆ ಚಿಮ್ಮುತ್ತದೆಂದು ಹೋಟೆಲಿನವನ ಬಯ್ಗುಳದ ನಡುವೆಯೇ ತೋರಿಸಿದ. ಮಾತಾಡುವಾಗ ಎಡಗೈ ಹೆಬ್ಬೆರಳಿನಿಂದ ಕೆನ್ನೆಯನ್ನು ಮೇಲೆತ್ತಿ ಹಿಡಿದುಕೊಳ್ಳುತ್ತಿದ್ದ. ಆಗ ಮಾತು ಸರಿಯಾಗಿ ಬರುತ್ತಿತ್ತು.

ಯಾಕೆ ಹೀಗಾಯಿತು ಎಂದು ಕೇಳಿದಳು. ಕಾದೆ ಎಂದ. ಕಿವಿ ಗುಂಯ್ ಅನ್ನುವುದಕ್ಕೆಲ್ಲ ತಲೆ ಕೊಯ್ಸಿಕೊಳ್ಳುತ್ತಾರಾ ಎಂದು ಮನೆಯವರೂ ಹೇಳಿದರು, ತನಗೂ ಹಾಗೇ ಅನ್ನಿಸಿತು. ನಡೆಯುವಾಗ ಓಲಾಡುವುದು ಶುರುವಾಗಿ ಊರವರು ಕುಡುಕ ಅಂದ ಮೇಲೆ ಮದರಾಸಿಗೆ ಹೋದ. ಅಷ್ಟರಲ್ಲಿ ಗಡ್ಡೆ ನಿಂಬೆಹಣ್ಣಾಗಿತ್ತು. ಮುಖದ ನರ ಅದರ ಮೇಲೆ ಕಾಗದದಂತೆ ಹರಡಿಕೊಂಡುಬಿಟ್ಟಿತ್ತಂತೆ, ಬಿಡಿಸಲು ಆಗಲಿಲ್ಲ. ಇದನ್ನು ಕೇಳಿ ವೆಂಕಟೇಶಯ್ಯ ಬೋರ್ಡು ಓದುವುದನ್ನು ನಿಲ್ಲಿಸಿದ.

ಕೊನೆಗೆ ಸರಸ್ವತಮ್ಮ ತಾನು ಬಂದ ವಿಷಯ ಕೇಳಿದಳು. ಎರಡರಲ್ಲಿ ಒಂದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳಬಹುದು ಎಂದಾದರೆ, ಕಿವಿಯೋ ಮುಖವೋ?

ಕದರಯ್ಯ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ, ಕೆನ್ನೆ ಸಡಿಲವಾಗಿತ್ತು. "ಕಿವೀನೇ ಉಳ್ಸ್ಕೊ ತಾಯಿ. ಮುಖ ಮಡೀಕಂಡು ಏನ್ ಮಾಡೀಯ? ನಂಗೆ ಬೇರಿಂಗ್ ಸವೆದದ್ದು ಕಿವೀಲೇ ಗೊತ್ತಾಗ್ತಿತ್ತು. ಈಗ ಮುಂದಿನ ಚಕ್ರವೋ ಹಿಂದಿನದೋ ತಿಳಿಯಾಕಿಲ್ಲ, ಎರಡೂ ಬಿಚ್ಚಿ ನೋಡ್ತೀನಿ. ಮುಖ ಹೋದ್ರೆ ಹೋಯ್ತು ಬುಡು. ನಮ್ಮೆಂಗ್ಸು ಬಲಗಡೆ ಕೂತ್ಕೊತಾಳೆ, ಅಷ್ಟೇಯ."

ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಪರೇಟರುಗಳಿಗೆ ಒಂದು ಪಾಠ ಹೇಳಿಕೊಡುತ್ತಿದ್ದರು. ಕರೆ ಜೋಡಿಸಿದ ಮೇಲೆ ಒಂದು ಗಳಿಗೆ ಕೇಳಬೇಕು; ಆದರೆ ಅವರೇನು ಹೇಳುತ್ತಿದ್ದಾರೆ ಎಂಬುದನ್ನಲ್ಲ, ಹೇಳಿದ್ದು ದಾಟುತ್ತಿದೆಯೇ ಎಂಬುದನ್ನು. ಸಾವಿನ ಸುದ್ದಿಯಾಗಲಿ ಕೊಬ್ಬರಿಯ ಧಾರಣೆಯಾಗಲಿ, ಕಿವಿ ಅದರ ಅರ್ಥಕ್ಕೆ ಹೋಗಕೂಡದು. ವರ್ಷಗಳ ಅಭ್ಯಾಸದಲ್ಲಿ ಸರಸ್ವತಮ್ಮನಿಗೆ ಇದು ಉಸಿರಾಟದಂತೆ ಆಗಿಹೋಗಿತ್ತು. ಹೀಗಾಗಿ ಕದರಯ್ಯ ತನ್ನ ಬದುಕಿನ ಅನುಭವವನ್ನೆಲ್ಲ ಹಿಂಡಿ ಕೊಟ್ಟ ಬುದ್ಧಿವಾದದಲ್ಲಿ ಅವಳ ಕಿವಿ ಹಿಡಿದದ್ದು ಬೇರೆಯೇ. ತುಟಿ ಕೂಡಬೇಕಾದ ಕಡೆಯೆಲ್ಲ ಗಾಳಿ ಸೋರುತ್ತಿತ್ತು. ಮುಖ ಎಂಬಲ್ಲಿ, ಬೇರಿಂಗ್ ಎಂಬಲ್ಲಿ, ಬುಡು ಎಂಬಲ್ಲಿ. ಎದುರಿಗೆ ಕೂತು ಅವನ ಕಣ್ಣು ಕೈ ನೋಡುತ್ತಿದ್ದುದರಿಂದ ಅವಳಿಗೆ ತಿಳಿಯಿತು. ತಂತಿಯ ಆಚೆ ಕೂತವರಿಗೆ ತಿಳಿಯುತ್ತಿರಲಿಲ್ಲ.

ಅವಳು ಅವನಿಗೆ ಕೈಮುಗಿದಳು. ಇನ್ನೊಂದು ಕಾಫಿ ತರಿಸಿದಳು. ಅವನು ಹೇಳಿದಂತೆ ಮಾಡುವುದಿಲ್ಲ ಎಂದು ಹೇಳಲು ಮನಸ್ಸಾಗಲಿಲ್ಲ.

ತುಮಕೂರಿನ ಬಸ್ಸಿನಲ್ಲಿ ಅವಳು ಎಡತುಟಿಯ ಮೂಲೆಯನ್ನು ಎರಡು ಬೆರಳಿನಿಂದ ಕೆಳಕ್ಕೆಳೆದು ಹಿಡಿದು, "ನಂಬರ್ ಪ್ಲೀಸ್" ಎಂದಳು. ವೆಂಕಟೇಶಯ್ಯ ಕಿಟಕಿ ಕಡೆಯಿಂದ ತಿರುಗಿ ಏನು ಎಂದ. ಮತ್ತೊಮ್ಮೆ ಹೇಳಿದಳು. ಮತ್ತೊಮ್ಮೆ ಏನು ಎಂದ. ಕಂಡಕ್ಟರು ಹಲ್ಲುನೋವಾ ತಾಯಿ, ಲವಂಗ ಇಟ್ಕೊಳಿ, ಎಂದು ಹೇಳಿ ಮುಂದೆ ಹೋದ.

"ರೀ, ಕಣ್ಣು ಮುಚ್ಕೊಳ್ಳಿ. ನನ್ನ ನೋಡ್ಬೇಡಿ. ಈಗ ನಾನು ಏನ್ ಹೇಳ್ದೆ ಅಂತ ಹೇಳಿ."

ಅವನು ಸುತ್ತ ನೋಡಿ, ನಾಚಿಕೊಂಡು, ಕಣ್ಣು ಮುಚ್ಚಿದ. ಅವಳು ತುಟಿ ಎಳೆದು ಹಿಡಿದು ಊರುಗಳ ಹೆಸರು, ಅಂಕೆಗಳು, ಆಫೀಸುಗಳ ಹೆಸರು ಹೇಳುತ್ತ ಹೋದಳು. ಒಂದು ಹೇಳಿದರೆ ಅವನು ಇನ್ನೊಂದು ಊಹಿಸಿದ. ತುಮಕೂರು ಹತ್ತಿರವಾಗುವ ಹೊತ್ತಿಗೆ ಊಹಿಸುವುದನ್ನೂ ಬಿಟ್ಟು ಕಣ್ಣು ಮುಚ್ಚಿಕೊಂಡೇ ಕೂತಿದ್ದ. ಆಮೇಲೆ ಮೆಲ್ಲಗೆ ಕೇಳಿದ: "ಅಂದ್ರೆ ಕಿವಿ ಕೊಟ್ಬಿಡ್ತೀಯೇನೆ?"

"ಕೇಳಕ್ಕೆ ಇನ್ನೊಂದಿದೆ. ಮಾತಾಡಕ್ಕೆ ಇನ್ನೊಂದು ಬಾಯಿಲ್ವಲ್ರೀ."

ವೆಂಕಟೇಶಯ್ಯ ಮನೆಗೆ ಬಂದ ಮೇಲೆ ಅಮ್ಮನ ಬೆಳ್ಳುಳ್ಳಿ ಎಣ್ಣೆಯ ಬಟ್ಟಲನ್ನು ತಾನೇ ಎತ್ತಿಕೊಂಡು ಹೋಗಿ ಅಡುಗೆಮನೆಯಲ್ಲಿಟ್ಟ.

ಅವಳು ಮೂರನೆಯ ದಾರಿ ಎಂದಾಗ ಸರ್ಜನ್ನರಿಗೆ ಅಚ್ಚರಿಯಾಯಿತು. ಟೆಲಿಫೋನಿನವರು, ಕಿವಿ ಉಳಿಸಿ ಎಂದು ಬೇಡಿಕೊಳ್ಳುತ್ತೀರಿ ಎಂದು ಎಣಿಸಿದ್ದೆ ಎಂದರು. ಇನ್ನೂ ಅರ್ಧ ಕೇಳುತ್ತಿದೆ, ಹೋದ ಮೇಲೆ ಯಾರೂ ತಂದುಕೊಡಲಾರರು, ನಿಧಾನಿಸಿ ನೋಡಿ ಎಂದರು. ಅವಳು ನಿಧಾನಿಸಿಯೇ ಬಂದದ್ದು. ಆದರೆ ಅವಳಿಗೆ ಬೇರೊಂದು ಅನುಮಾನ ಉಳಿದಿತ್ತು. ಎಡಗಿವಿಯಲ್ಲಿ ಈಚೆಗೆ ಡಯಲ್ ಟೋನಿನಂತೆ ಒಂದೇ ಸಮ ಒಂದು ಸದ್ದು ಶುರುವಾಗಿತ್ತು; ಕಿವಿಯನ್ನೇ ತೆಗೆದ ಮೇಲೆ ಅದು ಎಲ್ಲಿಗೆ ಹೋಗುತ್ತದೆ? ಹೋಗದೆಯೂ ಇರಬಹುದು ಎಂದರು ಡಾಕ್ಟರು. ಕಿವಿ ಇಲ್ಲದೆ ಅದನ್ನು ಕೇಳುವವರು ಯಾರು ಎಂದಳು. ಅವರು ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಅದು ತಮಗೂ ಸರಿಯಾಗಿ ಗೊತ್ತಿಲ್ಲ ಎಂದರು. ಈ ಉತ್ತರದಿಂದ ಅವಳಿಗೆ ಆ ಮನುಷ್ಯನ ಮೇಲೆ ನಂಬಿಕೆ ಬಂತು. ಹಿಂದಿನ ಯಾವ ಉತ್ತರದಿಂದಲೂ ಅಷ್ಟು ಬಂದಿರಲಿಲ್ಲ. ಸಹಿ ಹಾಕಿದಳು. ಕೆಳಗೆ ವೆಂಕಟೇಶಯ್ಯ ತನ್ನ ಆಫೀಸಿನ ದುಂಡು ಅಕ್ಷರದಲ್ಲಿ ಹಾಕಿದ.

ಆಪರೇಷನ್ ಬೆಳಿಗ್ಗೆ ಶುರುವಾಗಿ ಸಂಜೆ ಮುಗಿಯಿತು. ಆಮೇಲಿನ ಎರಡು ದಿನ ಅವಳಿಗೆ ತುಂಡುತುಂಡಾಗಿ ಮಾತ್ರ ನೆನಪಿವೆ: ಮಂಚ ದೋಣಿಯಂತೆ ತೂಗಿದ್ದು, ವಾಂತಿ, ತಲೆಯ ಸುತ್ತ ಪೇಟದಂಥ ಬ್ಯಾಂಡೇಜು. ಮೂರನೆಯ ಬೆಳಿಗ್ಗೆ ಮಂಚ ದಡ ಸೇರಿತು. ಡಾಕ್ಟರು ಬಂದು ಕಣ್ಣು ಮುಚ್ಚಿ ಎಂದರು, ಮುಚ್ಚಿದಳು. ಹಲ್ಲು ತೋರಿಸಿ ಎಂದರು. ತೋರಿಸಿದಳು, ಎಡಗಡೆ ಒಂದು ಹಲ್ಲು ಕಡಿಮೆ ಕಂಡಿತು. ಕೆನ್ನೆ ಉಬ್ಬಿಸಿ ಎಂದರು. ಎಡಮೂಲೆಯಿಂದ ಒಂದಿಷ್ಟು ಗಾಳಿ ಪುಸಕ್ಕನೆ ಹೋಯಿತು. ಬಾವು ಇಳಿದ ಮೇಲೆ ನೋಡೋಣ, ನರ ಪೂರ್ತಿ ಇದೆ, ನಾನು ಕಣ್ಣಾರೆ ನೋಡಿದ್ದೇನೆ, ಎಂದು ಅವರು ಮುಂದಿನ ಮಂಚಕ್ಕೆ ನಡೆದರು.

ಅವಳು ಮಲಗಿದಲ್ಲೇ ತುಟಿಗಳನ್ನು ಒಂದಕ್ಕೊಂದು ಒತ್ತಿದಳು. ಬಿಟ್ಟಳು. ಮತ್ತೆ ಒತ್ತಿದಳು. ಎಡಮೂಲೆ ತುಸು ತಡವಾಗಿ ಬಂದು ಸೇರಿಕೊಳ್ಳುತ್ತಿತ್ತು, ಆದರೆ ಬರುತ್ತಿತ್ತು. ಎಡಗಿವಿಯ ಕಡೆ ಗಮನ ಕೊಟ್ಟು ನೋಡಿದಳು. ಅಲ್ಲಿ ನಿಶ್ಶಬ್ದ ಇರುತ್ತದೆಂದು ಎಣಿಸಿದ್ದಳು. ನಿಶ್ಶಬ್ದವೂ ಇರಲಿಲ್ಲ, ಅಲ್ಲಿ ಒಂದು ಕಡೆ ಎಂಬುದೇ ಇರಲಿಲ್ಲ, ಬೆನ್ನಿನ ಹಿಂದೆ ಏನೂ ಕಾಣಿಸದಿರುವ ಹಾಗೆ. ಡಯಲ್ ಟೋನು ಮಾತ್ರ ಇತ್ತು. ಎತ್ತಿಟ್ಟು ಯಾರೂ ನಂಬರ್ ತಿರುಗಿಸದ ಫೋನಿನಲ್ಲಿ ಇರುವಂತೆ, ಯಾವ ಕಡೆಯದೂ ಅಲ್ಲದೆ, ತಲೆಯ ನಟ್ಟನಡುವೆ. ಅವಳು ಅದನ್ನೇ ಕೇಳುತ್ತ ಸ್ವಲ್ಪ ಹೊತ್ತು ಮಲಗಿದ್ದಳು.

ಕತ್ತು ಹೊರಳಿಸಿದಾಗ ಎಡಗಡೆ ಸ್ಟೂಲಿನ ಮೇಲೆ ವೆಂಕಟೇಶಯ್ಯ ಕೂತಿರುವುದು ಕಾಣಿಸಿತು. ಯಾವಾಗ ಬಂದನೋ. ಕೈಯಲ್ಲಿ ಫ್ಲಾಸ್ಕು ಇತ್ತು. ವಾರ್ಡಿನ ಗದ್ದಲದಲ್ಲಿ ಅವನ ಬಾಯಿ ಮೆಲ್ಲಗೆ ಆಡುತ್ತಿತ್ತು. ಬಹಳ ಹೊತ್ತಿನಿಂದ ಏನೋ ಹೇಳುತ್ತಲೇ ಇದ್ದಿರಬೇಕು, ಮನೆಯ ವಿಷಯ, ಅಮ್ಮನ ವಿಷಯ, ಕಮಲಾಕ್ಷಮ್ಮ ಬಂದು ವಿಚಾರಿಸಿದ್ದು. ಹೇಳಿ ಮುಗಿಸಿ ಉತ್ತರಕ್ಕೆ ಕಾಯುತ್ತ ಅವಳನ್ನು ನೋಡಿದ. ಉತ್ತರ ಬಾರದಿದ್ದಾಗ ಅವನ ಮುಖ ಕಂದಿತು.

ಸರಸ್ವತಮ್ಮ ತುಟಿಗಳನ್ನು ಗಟ್ಟಿಯಾಗಿ ಕೂಡಿಸಿಕೊಂಡಳು.

"ಈ ಕಡೆ ಬನ್ನಿ," ಎಂದಳು.

ಅವನಿಗೆ ಒಂದೇ ಸಲಕ್ಕೆ ತಿಳಿಯಿತು. ಸ್ಟೂಲು ಎತ್ತಿಕೊಂಡು ಮಂಚ ಸುತ್ತಿ ಬಲಗಡೆಗೆ ಬಂದು ಕೂತು, ಮೊದಲಿನಿಂದ ಹೇಳತೊಡಗಿದ.